ಹಾರುವಾಗ ಇಂಧನ ಮುಗಿದರೆ ಹೆಲಿಕಾಪ್ಟರ್ ಏನಾಗುತ್ತೆ?

ಎಂಜಿನ್ ನಿಂತ ಕೂಡಲೇ ಹೆಲಿಕಾಪ್ಟರ್ ಕಲ್ಲು ಬಿದ್ದ ಹಾಗೆ ಬೀಳಲ್ಲ. ಪೈಲಟ್ ತಕ್ಷಣ ಮೇಲಿನ ರೆಕ್ಕೆಗಳ ಕೋನ ತಗ್ಗಿಸಿದರೆ, ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ಅವನ್ನು ತಿರುಗಿಸುತ್ತದೆ. ಇದಕ್ಕೆ ‘ಆಟೋರೊಟೇಶನ್’ ಎನ್ನುತ್ತಾರೆ. ನೆಲ ಹತ್ತಿರವಾದಾಗ ಕೋನ ಹೆಚ್ಚಿಸಿ ಮೆಲ್ಲಗೆ ಇಳಿಸಬಹುದು. ಆದರೆ ಕೆಲವೇ ಸೆಕೆಂಡು ತಡವಾದರೂ ರೆಕ್ಕೆಗಳ ವೇಗ ಕುಸಿದು ಕೈ ಮೀರುತ್ತೆ.

2011ರ ಆಗಸ್ಟ್ 26ರಂದು ಅಮೆರಿಕದ ಮಿಸೌರಿ ರಾಜ್ಯದ ಮಾಸ್ಬಿ ಬಳಿ ಆಗಿದ್ದೂ ಇದೇ. ರೋಗಿಯನ್ನು ಸಾಗಿಸುತ್ತಿದ್ದ ಒಂಟಿ ಎಂಜಿನ್ನಿನ ಹೆಲಿಕಾಪ್ಟರ್, ವಿಮಾನ ನಿಲ್ದಾಣ ಇನ್ನೊಂದು ಮೈಲಿ ಇರುವಾಗ ಇಂಧನ ಮುಗಿದು ಬಿತ್ತು. ಪೈಲಟ್, ನರ್ಸ್, ಪ್ಯಾರಾಮೆಡಿಕ್, ರೋಗಿ ನಾಲ್ವರೂ ಮೃತಪಟ್ಟರು. ಇಂಧನ ಕಡಿಮೆಯಿದೆ ಅಂತ ಪೈಲಟ್‌ಗೆ ರೋಗಿಯೊಂದಿಗೆ ಹೊರಡುವ ಮೊದಲೇ ಗೊತ್ತಿತ್ತು. ಕೆಲಸದ ನಡುವಿನ ಮೊಬೈಲ್ ಮೆಸೇಜುಗಳೂ ಗಮನ ತಪ್ಪಿಸಿದ್ದವು ಎಂದು ತನಿಖೆ ಹೇಳಿತು.