ತಾಲೀಮು ಎಂಬ ಒಂದೇ ಮಾತು

ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ಅರಬಿಯ ಇಲ್ಮ್, ಆಲಿಮ್, ಮುಅಲ್ಲಿಮ್ ಎಂಬ ಪದಗಳ ಬಳಗಕ್ಕೆ ಸೇರಿದ ಮಾತಿದು. ಇದೇ ಮಾತು ಕನ್ನಡಕ್ಕೆ ಬಂದಾಗ ಶಾಲೆಯ ಕಾಂಪೌಂಡು ದಾಟಿ ಗರಡಿಮನೆಯನ್ನೂ ನಾಟಕದ ಅಟ್ಟವನ್ನೂ ಸೇರಿಕೊಂಡಿತು. ದಾವಣಗೆರೆ, ಹರಿಹರದ ಸುತ್ತಲ ಹಳ್ಳಿಗಳಲ್ಲಿ 'ತಾಲೀಮು ನಡೆದೈತಿ' ಎಂದರೆ ಊರ ಹುಡುಗರು ನಾಟಕಕ್ಕೆ ಮಾತು ಬಾಯಿಪಾಠ ಮಾಡುತ್ತಿದ್ದಾರೆ, ಪೇಟಿ ಮಾಸ್ತರು ಹಾಡು ಕಲಿಸುತ್ತಿದ್ದಾರೆ ಎಂದೇ ಅರ್ಥ. ಒಂದು ಭಾಷೆಯಲ್ಲಿ ಓದು, ಇನ್ನೊಂದರಲ್ಲಿ ಕಲೆಯ ಅಭ್ಯಾಸ. ಎರಡೂ ಭಾಷೆಗಳಲ್ಲಿ ಓದಿದ ನಮ್ಮಂಥವರಿಗೆ ಈ ಮಾತು ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಒಂದೇ ಮಾತಿನೊಳಗೆ ಕೂಡಿ ಬಾಳುವ ಶಾಲೆ ಮತ್ತು ಕಲೆ, ನಮ್ಮ ಊರುಗಳಲ್ಲಿ ಬೇರೆ ಬೇರೆಯಾದದ್ದು ಹೇಗೆ? ಅವನ್ನು ಮತ್ತೆ ಕೂಡಿಸಲು ಸಾಧ್ಯವೇ?

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ದುಡಿದು ದಣಿದ ಜನರಿಗೆ ಸಂಜೆ ಬೇಕಾದದ್ದು ನಾಟಕ. ದುರ್ಗಾಂಬಿಕಾ ದೇವಿಯ ಜಾತ್ರೆ ಬಂದರೆ ಕಂಪನಿಗಳು ಇಲ್ಲಿಗೆ ಬಂದು ಟೆಂಟ್ ಹಾಕುತ್ತಿದ್ದವು. ಈ ನೆಲದಲ್ಲೇ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆಯಿತು. ಅವರ ಮಗಳು ಚಿಂದೋಡಿ ಲೀಲಾ ಬಾಲ್ಯದಲ್ಲೇ ಬಣ್ಣ ಹಚ್ಚಿ, ನಟಿಯಾಗಿ, ಕಂಪನಿಯ ಒಡತಿಯಾಗಿ, ಪದ್ಮಶ್ರೀ ಪಡೆದು, 2010ರ ಜನವರಿಯಲ್ಲಿ ತೀರಿಕೊಂಡರು. ಕಂಪನಿಯೇ ಅವರ ಶಾಲೆಯಾಗಿತ್ತು.

ಆ ಶಾಲೆಯಲ್ಲಿ ಏನು ಕಲಿಸುತ್ತಿದ್ದರು? ಅಲ್ಪಪ್ರಾಣ ಮಹಾಪ್ರಾಣ ಕೆಡದಂತೆ ಮಾತಾಡುವುದು, ಮೈಕಿಲ್ಲದೆ ಕೊನೆಯ ಸಾಲಿನವರಿಗೂ ಕೇಳುವಂತೆ ದನಿ ಎತ್ತುವುದು, ಶ್ರುತಿ ಹಿಡಿದು ಹಾಡುವುದು, ಎದುರಿನ ಪಾತ್ರದ ಮಾತು ಮುಗಿಯುವವರೆಗೆ ಕಾಯುವುದು. ಅಕ್ಷರ ಬಾರದ ನಟರೂ ಪುಟಗಟ್ಟಲೆ ಮಾತುಗಳನ್ನು ಕೇಳಿ ಕೇಳಿಯೇ ಕಂಠಸ್ಥ ಮಾಡುತ್ತಿದ್ದರು. ಬಾಲಕ ಮಲ್ಲಿಕಾರ್ಜುನ ಮನಸೂರರ ಹಾಡುಗಾರಿಕೆಯನ್ನು ಮಿರಜದ ನೀಲಕಂಠ ಬುವಾ ಮೊದಲು ಕೇಳಿದ್ದು ನಾಟಕ ಕಂಪನಿಯಲ್ಲಿ. ಬಿ.ವಿ. ಕಾರಂತರು ಬಾಲಕನಾಗಿ ಗುಬ್ಬಿ ಕಂಪನಿ ಸೇರಿದರು. ಮುಂದೆ ಅವರನ್ನು ಓದಲೆಂದು ಬನಾರಸಿಗೆ ಕಳಿಸಿದವರು ಗುಬ್ಬಿ ವೀರಣ್ಣನವರೇ. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿಯರು ರಂಗಭೂಮಿಯಿಂದ ಹೊರಟು ಮರಾಠಿ ರಂಗಕ್ಕೂ ಮುಂಬಯಿ ಸಿನಿಮಾಕ್ಕೂ ದನಿಯಾದರು.

ಹಾಗೆಂದು ಆ ಕಾಲವನ್ನು ಬಂಗಾರದ ಕಾಲ ಎಂದು ಕೊಂಡಾಡಿ ಸುಮ್ಮನಾಗುವಂತಿಲ್ಲ. ಕಂಪನಿಯ ಎಷ್ಟೋ ಮಕ್ಕಳಿಗೆ ಊರೂರು ತಿರುಗುವುದರಲ್ಲೇ ಶಾಲೆ ತಪ್ಪಿಹೋಯಿತು. ನಟಿಯರನ್ನು ಚಪ್ಪಾಳೆ ತಟ್ಟಿ ನೋಡಿದ ಸಮಾಜವೇ ಹಗಲಿನಲ್ಲಿ ಅವರಿಗೆ ಬಾಡಿಗೆ ಮನೆ ಕೊಡಲು ಹಿಂದೆ ಮುಂದೆ ನೋಡಿತು. ಕಂಪನಿಯಲ್ಲಿ ಕಲೆಯಿತ್ತು, ಶಾಲೆಯಿರಲಿಲ್ಲ. ಶಾಲೆಯಲ್ಲಿ ಪುಸ್ತಕವಿತ್ತು, ಕಲೆಯಿರಲಿಲ್ಲ. ಇವೆರಡರ ನಡುವಿನ ಕಂದಕವನ್ನು ದಾಟಿದವರು ಕೆಲವರೇ.

ಹಾಗೆ ದಾಟಿದವರಲ್ಲಿ ಮೊದಲು ನೆನೆಯಬೇಕಾದದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892-1944) ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಒಬ್ಬ ಮುಸಲ್ಮಾನ ಉಸ್ತಾದರನ್ನು ಕರೆಸಿ ಲಿಂಗಾಯತ ಮಠದ ಹುಡುಗನಿಗೆ ವಿದ್ಯೆ ಕೊಡಿಸುವುದರಲ್ಲಿ ಕುಮಾರಸ್ವಾಮಿಗಳಿಗೆ ಯಾವ ಅಡ್ಡಿಯೂ ಕಾಣಲಿಲ್ಲ. ಮುಂದೆ ಪಂಚಾಕ್ಷರಿ ಗವಾಯಿಗಳು ಕುರುಡ, ಬಡ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಶಾಲೆ ನಡೆಸಿದರು. ಮಕ್ಕಳ ಹೊಟ್ಟೆ ತುಂಬಬೇಕಲ್ಲ? ಅದಕ್ಕೆ ಅವರು ಕಂಡುಕೊಂಡ ದಾರಿ ನಾಟಕ ಕಂಪನಿ. ನಾಟಕದ ಗಳಿಕೆಯಿಂದ ಶಾಲೆಗೆ ಅನ್ನ, ಶಾಲೆಯ ಮಕ್ಕಳಿಂದ ನಾಟಕಕ್ಕೆ ಹಾಡು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಮುಚ್ಚುವವರೆಗೆ ಈ ಕೆಲಸವನ್ನು ಮುಂದುವರಿಸಿದರು. ದಾವಣಗೆರೆಯಲ್ಲೂ ವೀರೇಶ್ವರ ಪುಣ್ಯಾಶ್ರಮವಿದೆ. 1995ರಲ್ಲಿ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಎಂಬ ಚಿತ್ರವನ್ನು ನಿರ್ದೇಶಿಸಿದವರು ಚಿಂದೋಡಿ ಮನೆತನದ ಬಂಗಾರೇಶ್. ನಾಟಕದವರ ಮನೆಯೊಂದು ಸಂಗೀತ ಶಾಲೆಯ ಕಥೆಯನ್ನು ತನ್ನದೇ ಕಥೆ ಎಂಬಂತೆ ಹೇಳಿದ್ದು ಆಕಸ್ಮಿಕವಲ್ಲ.

ಇದೇ ಬಗೆಯ ಇನ್ನೊಂದು ಪ್ರಯತ್ನ ಉಸ್ತಾದ್ ಅಬ್ದುಲ್ ಕರೀಂ ಖಾನರದು. ಅವರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಶಿಷ್ಯರನ್ನು ಜೊತೆಯಲ್ಲೇ ಇರಿಸಿಕೊಂಡು, ಕಚೇರಿಗಳಿಂದ ಬಂದ ಹಣದಲ್ಲಿ ಶಾಲೆ ನಡೆಸಿದರು. ಸಿತಾರ್ ವಾದಕ ಉಸ್ತಾದ್ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿ ಕನ್ನಡ ನಾಡಿಗೆ ಸಿತಾರದ ಪಾಠ ತಂದರು. ಇವರಾರೂ ಸರ್ಕಾರದ ಆದೇಶಕ್ಕಾಗಿ ಕಾದವರಲ್ಲ. ಕಲಾವಿದನೇ ಶಿಕ್ಷಕನಾಗಿದ್ದ ಕಾಲ ಅದು.

ಶಾಲೆಯ ಕಡೆಯಿಂದಲೂ ಒಂದು ಹೆಜ್ಜೆ ಬಂದಿತ್ತು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ತಮ್ಮ ಶಿಕ್ಷಣ ಯೋಜನೆಯನ್ನು ಮುಂದಿಟ್ಟರು. ಅದಕ್ಕೆ ರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ಜಾಮಿಯಾ ಮಿಲ್ಲಿಯಾದ ಡಾ. ಝಾಕಿರ್ ಹುಸೇನ್. ಯೋಜನೆಗೆ ನಿಂತ ಹೆಸರು 'ನಯೀ ತಾಲೀಮ್'. ಕೈಕಸುಬಿನ ಮೂಲಕ ಕಲಿಯಬೇಕು, ನೂಲುವುದೂ ನೇಯುವುದೂ ಪಾಠವೇ ಎಂದು ಅದು ಹೇಳಿತು. ನೂಲಿನ ಊರಾದ ದಾವಣಗೆರೆಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಇರಲಾರದು. ಆದರೆ ಸ್ವಾತಂತ್ರ್ಯದ ನಂತರದ ಶಾಲೆಗಳಲ್ಲಿ ತಕಲಿ ಒಂದು ಪೀರಿಯಡ್ಡಿಗೆ ಇಳಿಯಿತು, ಆಮೇಲೆ ಅದೂ ಇಲ್ಲವಾಯಿತು.

ಚಿತ್ರಕಲೆಯ ಕಥೆ ತುಸು ಬೇರೆ. ಹಿಂದೆ ತುಂಗಭದ್ರೆಯ ಈಚೆ ದಡದ ಹರಿಹರ ಮೈಸೂರು ಸಂಸ್ಥಾನದ್ದು, ಆಚೆ ದಡ ಮುಂಬಯಿ ಪ್ರಾಂತದ್ದು. ಆಚೆ ಕಡೆ ಮುಂಬಯಿಯ ಡ್ರಾಯಿಂಗ್ ಪರೀಕ್ಷೆಗಳ ಪ್ರಭಾವ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ. ಈಚೆ ಕಡೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. 1964ರಲ್ಲಿ ದಾವಣಗೆರೆಯಲ್ಲೇ ಕಲಾಶಾಲೆ ಆರಂಭವಾದಾಗ ಮಧ್ಯ ಕರ್ನಾಟಕದ ಮಕ್ಕಳಿಗೆ ದೂರದ ಪ್ರಯಾಣ ತಪ್ಪಿತು. ಇಂದು ಅದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಇಂಥ ಕಲಾಶಾಲೆಗಳಲ್ಲಿ ಕಲಿತು ಬಂದ ಡ್ರಾಯಿಂಗ್ ಮಾಸ್ತರರು ಪ್ರೌಢಶಾಲೆಗಳಲ್ಲಿ ಮಕ್ಕಳ ಕೈಗೆ ಬಣ್ಣ ಕೊಟ್ಟರು.

ಆದರೆ ಇದರ ಜೊತೆಗೇ ಒಂದು ಬಾಗಿಲು ಮುಚ್ಚಿತು. ಡಿಪ್ಲೊಮಾ, ಪದವಿ, ತರಬೇತಿಯ ಪ್ರಮಾಣಪತ್ರ ಇದ್ದವರಷ್ಟೇ ಶಾಲೆಯೊಳಗೆ ಬರಬಹುದು ಎಂಬ ನಿಯಮ ಗಟ್ಟಿಯಾಯಿತು. ಶಿಕ್ಷಕರ ಹುದ್ದೆಗೆ ಅರ್ಹತೆ ಬೇಕೆನ್ನುವುದು ತಪ್ಪಲ್ಲ. ಆದರೆ ಮೂವತ್ತು ವರ್ಷ ಕಂಪನಿಯಲ್ಲಿ ಪೇಟಿ ನುಡಿಸಿದವರು, ನಾಟಕದ ಪರದೆ ಬರೆದ ಪೇಂಟರ್, ಮೊಹರಂನಲ್ಲಿ ಬಿದಿರು ಸೀಳಿ ಬಣ್ಣದ ಕಾಗದದಿಂದ ತಾಬೂತು ಕಟ್ಟುವ ಕುಶಲಕರ್ಮಿ, ರಿವಾಯತ್ ಪದ ಹಾಡುವವರು ಇವರೆಲ್ಲ ಶಾಲೆಯ ಲೆಕ್ಕದಲ್ಲಿ ಅವಿದ್ಯಾವಂತರಾಗಿಬಿಟ್ಟರು. ಇವರನ್ನು ಶಾಲೆ ಕರೆಯುವುದು ವರ್ಷಕ್ಕೊಮ್ಮೆ, ಗ್ಯಾದರಿಂಗ್ ಬಂದಾಗ. ಹದಿನೈದು ದಿನ ಮಕ್ಕಳಿಗೆ ಹಾಡು, ಕುಣಿತ ಕಲಿಸಿ, ಒಂದು ಶಾಲು, ಒಂದು ಹಾರ, ಕೈಗೊಂದಿಷ್ಟು ಕಾಸು ಪಡೆದು ಅವರು ಹೊರಟುಹೋಗುತ್ತಾರೆ. ಇದನ್ನು ಪಾಲುದಾರಿಕೆ ಎನ್ನಲಾಗದು.

ಕಾಯಿದೆ ಏನು ಹೇಳುತ್ತದೆ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲೂ ವಿಷಯವಾಗಿ ಕಲಿಸಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು ಎಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಬೋಧಕರಾಗಿ ಶಾಲೆಗೆ ಕರೆತರಬೇಕೆಂದು ಬರೆಯಿತು. ಕರ್ನಾಟಕ ಆ ನೀತಿಯನ್ನು ಬದಿಗಿಟ್ಟು ತನ್ನದೇ ನೀತಿಗಾಗಿ 2023ರಲ್ಲಿ ಆಯೋಗ ನೇಮಿಸಿತು. ನೀತಿಗಳು ಬದಲಾಗಬಹುದು. ಆದರೆ ಕಲಾವಿದರು ಶಾಲೆಗೆ ಬರಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಾರದು. ಕೊರತೆ ಇರುವುದು ಕಾಗದದಲ್ಲಲ್ಲ.

ಆಗಿ ತೋರಿಸಿದ ಉದಾಹರಣೆಗಳೂ ಇವೆ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಂಥ ಕಡೆ ಕಲಿತವರಲ್ಲಿ ಕೆಲವರನ್ನು ಸರ್ಕಾರ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನಾಗಿ ನೇಮಿಸಿಕೊಂಡಿತು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ 2009ರಲ್ಲಿ 'ಕಲಿ-ಕಲಿಸು' ಯೋಜನೆ ಆರಂಭಿಸಿ, ಸರ್ಕಾರಿ ಶಾಲೆಗಳ ಶಿಕ್ಷಕರಿಗೂ ಕಲಾವಿದರಿಗೂ ಧನಸಹಾಯ ಕೊಟ್ಟಿತು. ಈ ಹೆಸರಿನಲ್ಲೇ ಒಂದು ತಿಳಿವಳಿಕೆಯಿದೆ: ಮೇಷ್ಟ್ರೂ ಕಲಿಯಬೇಕು, ಕಲಾವಿದನೂ ಕಲಿಯಬೇಕು. ವೃತ್ತಿ ರಂಗಭೂಮಿಗೆಂದೇ ಸರ್ಕಾರ ದಾವಣಗೆರೆಗೆ ಒಂದು ರಂಗಾಯಣವನ್ನೂ ಕೊಟ್ಟಿದೆ. ಅದು ನಾಟಕಗಳಿಗೆ ಸೀಮಿತವಾಗದೆ ಜಿಲ್ಲೆಯ ಶಾಲೆಗಳಿಗೆ ಮಾಸ್ತರರನ್ನು ಕಳಿಸುವ ಮನೆಯೂ ಆದರೆ ಕಂಪನಿಗಳ ಋಣ ತೀರಿದಂತೆ.

ಇಲ್ಲಿ ನಮ್ಮ ಸಮುದಾಯದ ಮಾತನ್ನೂ ಆಡಬೇಕು. ಕಲೆಯ ಪೀರಿಯಡ್ಡು ಬೇಡ ಎನ್ನುವ ದನಿ ನಮ್ಮ ಮೊಹಲ್ಲಾಗಳಲ್ಲಿ ಇಲ್ಲದಿಲ್ಲ. ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಆ ದನಿ ಇನ್ನಷ್ಟು ಗಟ್ಟಿ. ಸಂಗೀತದ ಬಗ್ಗೆ, ಚಿತ್ರದ ಬಗ್ಗೆ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯಗಳು ಹಿಂದಿನಿಂದಲೂ ಇವೆ. ಇಮಾಮ್ ಗಝಾಲಿಯವರು ಸಮಾದ ಬಗ್ಗೆ ತಮ್ಮ ಮಹಾಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಆ ಚರ್ಚೆಯನ್ನು ನಾವು ಗೌರವದಿಂದಲೇ ಕಾಣುತ್ತೇವೆ. ಆದರೆ ನಮ್ಮ ಪರಂಪರೆ ಕಲೆಯಿಲ್ಲದ ಪರಂಪರೆ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾಗುತ್ತದೆ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ ಕಿತಾಬ್-ಎ-ನೌರಸ್ ಬರೆದು ರಾಗಗಳಿಗೆ ಹಾಡು ಕಟ್ಟಿದ ದೊರೆ. ಖುಶ್‌ಖತ್ ಬರವಣಿಗೆ, ಕಿರಾಅತ್, ನಾತ್, ಗಜಲ್ ಇವೆಲ್ಲ ಕಿವಿ, ಕಣ್ಣು, ಕೈಗಳ ಶಿಸ್ತೇ ಅಲ್ಲವೇ? ಸರ್ಕಾರದ ಪ್ರತಿಭಾ ಕಾರಂಜಿಯಲ್ಲಿ ಖವ್ವಾಲಿ, ಗಜಲ್, ಅರಬಿ ಪಠಣಕ್ಕೂ ಜಾಗವಿದೆ. ಆದರೆ ಸ್ಪರ್ಧೆಗೆ ವಾರವಿರುವಾಗ ಮೊಬೈಲಿನಲ್ಲಿ ಹಾಡು ಹುಡುಕಿ ಕಲಿಸಿದರೆ ಬಹುಮಾನ ಬರಬಹುದು, ತಾಲೀಮು ಆಗದು. ಅದಕ್ಕೆ ಊರಲ್ಲೇ ಇರುವ ಖವ್ವಾಲರನ್ನು, ಖುಶ್‌ಖತ್ ಬಲ್ಲ ಹಿರಿಯರನ್ನು ಉರ್ದು ಶಾಲೆಗಳು ವರ್ಷವಿಡೀ ಕರೆಯಬೇಕು. ಪಕ್ಕದ ಕನ್ನಡ ಶಾಲೆಯ ಮಕ್ಕಳೂ ಜೊತೆಗೆ ಕೂರಲಿ.

ಹಾಗೆಯೇ ನಮ್ಮ ಉರ್ದು ಶಾಲೆಯ ಮಕ್ಕಳು ಹರಿಹರೇಶ್ವರ ದೇವಾಲಯದ ಅಂಗಳಕ್ಕೂ ಚಿತ್ರದ ಹಾಳೆ ಹಿಡಿದು ಹೋಗಬೇಕು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಹರಿ ಮತ್ತು ಹರ ಒಂದೇ ಮೂರ್ತಿಯಲ್ಲಿ ಅರ್ಧರ್ಧವಾಗಿ ನಿಂತ ಊರು. ಹೊಳಪಿನ ಕಂಬಗಳ ಗೆರೆ, ಶಾಸನದ ಅಕ್ಷರ, ಛಾವಣಿಯ ಹೂವು ಕಣ್ಣಿಗೆ ಬೀಳಲು ಪೂಜೆ ಮಾಡಬೇಕಿಲ್ಲ. ನೋಡಲು ಬಂದರೆ ಸಾಕು. ನೆರೆಯವನ ಕಲೆಯನ್ನು ಗೆರೆ ಗೆರೆಯಾಗಿ ಬರೆದ ಕೈ ಅದರ ಮೇಲೆ ಕಲ್ಲೆತ್ತುವುದಿಲ್ಲ. ದಂಗೆಗಳ ಭಯದಲ್ಲಿ ಬದುಕಿದ ಊರುಗಳಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ಪ್ರತಿ ತಾಲ್ಲೂಕಿನಲ್ಲಿ ಕಲಾವಿದರ, ಕುಶಲಕರ್ಮಿಗಳ ಪಟ್ಟಿ. ಪದವಿ ನೋಡಿ ಅಲ್ಲ, ಕೆಲಸ ನೋಡಿ. ಎರಡನೆಯದು, ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಟ್ಟಿ ಪೀರಿಯಡ್ಡು. ಗಣಿತದ ಪಾಠ ಮುಗಿದಿಲ್ಲವೆಂದು ಅದನ್ನು ಕಿತ್ತುಕೊಳ್ಳಬಾರದು. ಮೂರನೆಯದು, ಶಾಲಿಗೆ ಬದಲು ತಿಂಗಳು ತಿಂಗಳಿಗೆ ಸರಿಯಾದ ಗೌರವಧನ. ನಾಲ್ಕನೆಯದು, ತರಗತಿಯ ಮೇಷ್ಟ್ರು ಕಲಾವಿದನ ಜೊತೆಗೇ ಇರುವುದು. ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಅವರಿಗೆ ಗೊತ್ತು, ಹಾಡನ್ನು ಹೇಗೆ ಎತ್ತಿಕೊಳ್ಳಬೇಕೆಂದು ಇವರಿಗೆ ಗೊತ್ತು. ಶಾಲಾಭಿವೃದ್ಧಿ ಸಮಿತಿಗಳು, ನಮ್ಮ ಜಮಾತುಗಳು, ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದು ಶಾಲೆಯಿಂದಲೇ ಇದು ಶುರುವಾಗಬಹುದು.

ಅವಸರಕ್ಕೆ ಕಾರಣವಿದೆ. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತವು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಗಿರಣಿ ನಿಂತರೆ ಯಂತ್ರವಾದರೂ ಗುಜರಿಗೆ ಹೋಗಿ ಬೆಲೆ ತರುತ್ತದೆ. ಕಂಪನಿಯ ಕೊನೆಯ ಪೇಟಿ ಮಾಸ್ತರು ಹೋದರೆ ಅವರ ಜೊತೆ ನೂರು ಮಟ್ಟುಗಳು ಮಣ್ಣಾಗುತ್ತವೆ. ಅವನ್ನು ಉಳಿಸಿಕೊಳ್ಳಬಲ್ಲ ಜಾಗ ಮಕ್ಕಳ ಕಂಠವೊಂದೇ. ಆ ಕಂಠಗಳು ಇರುವುದು ಶಾಲೆಯಲ್ಲಿ.