ಮಜ್ಜಿಗೆ ಹುಲ್ಲಿನ ಎಣ್ಣೆ: ಮಂಡಿನೋವಿನಿಂದ ಮುಖದ ಕಾಂತಿಯವರೆಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಮೊಡವೆಗೆಂದು ಲೆಮನ್‌ಗ್ರಾಸ್ ಎಣ್ಣೆ ತರಿಸಿಕೊಂಡಳು. ಬಾಟಲಿಯ ಮೇಲೆ ‘ಶೇ. 100 ನೈಸರ್ಗಿಕ’ ಎಂದಿತ್ತು. ನೈಸರ್ಗಿಕ ಅಂದಮೇಲೆ ಭಯವೇನು ಎಂದು ಹಾಗೇ ಕೆನ್ನೆಗೆ ಹಚ್ಚಿಕೊಂಡು ಮಲಗಿದಳು. ಬೆಳಿಗ್ಗೆ ಕೆನ್ನೆ ಕೆಂಪಗೆ ಊದಿಕೊಂಡಿತ್ತು. ಎರಡು ವಾರ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಕಾಲೇಜಿಗೆ ಹೋದಳು. “ನೀವು ಪೇಪರ್‌ನೋರು, ಇದನ್ನ ಬರೀರಪ್ಪ” ಎಂದು ಅವಳ ತಾಯಿ ಬಾಟಲಿಯನ್ನೇ ತಂದು ನಮ್ಮ ಕೈಗಿಟ್ಟರು.

ಸುದ್ದಿಯಾದರೆ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ಈ ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಬೇರೆಯೇ. ಆ ಕೆನ್ನೆ ಯಾಕೆ ಕೆಂಪಾಯಿತು ಎಂಬುದು 150 ವರ್ಷಕ್ಕೂ ಹಿಂದೆಯೇ ಅಚ್ಚಾಗಿತ್ತು.

ಹುಲ್ಲು ನಮಗೆ ಹೊಸದಲ್ಲ. ಎಲೆ ಹಾಕಿದರೆ ಮಜ್ಜಿಗೆಗೆ ಘಮ ಬರುತ್ತದೆಂದು ನಮ್ಮವರು ಇದನ್ನು ಮಜ್ಜಿಗೆ ಹುಲ್ಲು ಎಂದು ಕರೆದರು. ಕಷಾಯಕ್ಕೂ ಹಾಕುತ್ತಾರೆ. ಆದರೆ ಎಣ್ಣೆಯ ವ್ಯಾಪಾರ ಬೆಳೆದದ್ದು ಪಕ್ಕದ ಮಲಬಾರ್ ಮತ್ತು ತಿರುವಾಂಕೂರಿನ ಬೆಟ್ಟಗಳಲ್ಲಿ. ಅಲ್ಲಿನ ಜಾತಿಗೆ ಸಸ್ಯಶಾಸ್ತ್ರದ ಹೆಸರು ಸಿಂಬೊಪೊಗಾನ್ ಫ್ಲೆಕ್ಸುವೋಸಸ್. ಹುಲ್ಲು ಕೊಯ್ದು ತಾಮ್ರದ ಹಂಡೆಗೆ ತುಂಬಿ, ನೀರು ಹಾಕಿ, ಕೆಳಗೆ ಸೌದೆ ಉರಿಸಿ ಬಟ್ಟಿ ಇಳಿಸುತ್ತಿದ್ದರು. ಆವಿ ತಣಿದು ಹನಿಯಾಗಿ ಬೀಳುವಾಗ ಎಣ್ಣೆ ನೀರಿನ ಮೇಲೆ ತೇಲುತ್ತದೆ. 100 ಕಿಲೋ ಹಸಿ ಹುಲ್ಲಿಗೆ ಸಿಗುವುದು ಸುಮಾರು ಅರ್ಧ ಕಿಲೋ ಎಣ್ಣೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಮಲಯಾಳಿಗಳು ಇದಕ್ಕೆ ಪುಲ್‌ತೈಲಂ ಎನ್ನುತ್ತಾರೆ. ಕೊಚ್ಚಿ ಬಂದರಿನಿಂದ ಹಡಗು ಹತ್ತುತ್ತಿದ್ದರಿಂದ ಹೊರದೇಶದ ವ್ಯಾಪಾರಿಗಳ ಬಾಯಲ್ಲಿ ಅದು ‘ಕೊಚ್ಚಿನ್ ಆಯಿಲ್’ ಆಯಿತು.

ತಿರುವಾಂಕೂರಿನಲ್ಲಿ ವೈದ್ಯರಾಗಿದ್ದ ಎಡ್ವರ್ಡ್ ಜಾನ್ ವೇರಿಂಗ್ 1868ರಲ್ಲಿ ‘ಫಾರ್ಮಕೊಪಿಯಾ ಆಫ್ ಇಂಡಿಯಾ’ ಸಂಪಾದಿಸಿದರು. ಅದು ಬ್ರಿಟಿಷ್ ಸರ್ಕಾರ ಒಪ್ಪಿದ ಔಷಧ ಗ್ರಂಥ. ಹುಲ್ಲಿನ ಎಣ್ಣೆಗೆ ಅದರಲ್ಲಿ ಜಾಗ ಸಿಕ್ಕಿತು. ಹೊಟ್ಟೆಯುಬ್ಬರಕ್ಕೆ ಒಳಗೆ ಕೊಡಬಹುದು. ಹಳೆಯ ಸಂಧಿವಾತಕ್ಕೆ, ಉಳುಕಿಗೆ, ನರದ ನೋವಿಗೆ ಮೇಲೆ ತಿಕ್ಕಬಹುದು ಎಂಬುದು ಅದರ ಸಾರ. ಹಚ್ಚಿದ ಜಾಗದ ಚರ್ಮವನ್ನು ಕೆಂಪಾಗಿಸುವುದು ಈ ಎಣ್ಣೆಯ ಗುಣ ಎಂದೂ ಗುರುತಿಸಿದ್ದರು. ನೋವಿನ ಜಾಗಕ್ಕೆ ರಕ್ತ ನುಗ್ಗಿ ಬಿಸಿಯಾದರೆ ಒಳಗಿನ ನೋವು ಮರೆಯುತ್ತದೆ ಎಂಬುದೇ ಆ ಚಿಕಿತ್ಸೆಯ ಹಿಂದಿನ ಲೆಕ್ಕ. ಮಂಡಿಗೆ ಅದು ಮದ್ದು. ಅದೇ ಗುಣ ಹದಿನೆಂಟರ ಕೆನ್ನೆಯ ಮೇಲೆ ಸುಟ್ಟ ಗಾಯ.

ಈ ಎಣ್ಣೆ ಮದ್ದಿನ ಪೆಟ್ಟಿಗೆಯಿಂದ ಕಾರ್ಖಾನೆಗೆ ಹೋದದ್ದು ಸಿಟ್ರಾಲ್‌ನಿಂದಾಗಿ. ಎಣ್ಣೆಯ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಈ ಒಂದೇ ವಸ್ತು. ನಿಂಬೆಯ ವಾಸನೆ ಅದರದ್ದೇ. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಎಂಬ ರಸಾಯನಶಾಸ್ತ್ರಜ್ಞರು ಸಿಟ್ರಾಲ್‌ಗೆ ಅಸಿಟೋನ್ ಸೇರಿಸಿ ಅಯೊನೋನ್ ತಯಾರಿಸುವ ದಾರಿ ಪ್ರಕಟಿಸಿದರು. ಅಯೊನೋನ್‌ಗೆ ವಯೊಲೆಟ್ ಹೂವಿನ ಪರಿಮಳ. ಸಾವಿರಾರು ಹೂ ಹಿಂಡಿ ತೆಗೆಯಬೇಕಿದ್ದ ವಾಸನೆ ಈಗ ಹುಲ್ಲಿನ ಎಣ್ಣೆಯಿಂದ ಬಂತು. ಯುರೋಪಿನ ಸೆಂಟು, ಸೋಪಿನವರು ಕೊಚ್ಚಿಯ ಕಡೆ ನೋಡತೊಡಗಿದರು. 1947ರಲ್ಲಿ ಸ್ವಿಟ್ಜರ್ಲೆಂಡಿನ ಒಟ್ಟೋ ಇಸ್ಲರ್ ಅಯೊನೋನ್‌ನಿಂದಲೇ ವಿಟಮಿನ್ ಎ ತಯಾರಿಸಿದಾಗ ಬೇಡಿಕೆಗೆ ಇನ್ನೊಂದು ಕಾರಣ ಸಿಕ್ಕಿತು. ಇಲ್ಲೊಂದು ಮಾತು: ಎಣ್ಣೆಯಲ್ಲಿ ವಿಟಮಿನ್ ಎ ಇಲ್ಲ. ಅದು ಕಚ್ಚಾ ಮಾಲು ಮಾತ್ರ.

1951ರಲ್ಲಿ ಎರ್ನಾಕುಲಂ ಬಳಿಯ ಓಡಕ್ಕಾಲಿಯಲ್ಲಿ ಈ ಹುಲ್ಲಿಗೆಂದೇ ಸಂಶೋಧನಾ ಕೇಂದ್ರ ಶುರುವಾಯಿತು. ‘ಸುಗಂಧಿ’ ತಳಿ ಬಂದದ್ದು ಅಲ್ಲಿಂದ. ಆಮೇಲೆ ಪೆಟ್ರೋಲಿಯಂ ಮೂಲದ ವಸ್ತುಗಳಿಂದಲೇ ಸಿಟ್ರಾಲ್ ಮಾಡುವುದನ್ನು ದೊಡ್ಡ ರಾಸಾಯನಿಕ ಕಂಪನಿಗಳು ಕಲಿತವು. ಬೆಟ್ಟದಲ್ಲಿ ಹುಲ್ಲು ಕೊಯ್ಯುವವರ ಪೈಪೋಟಿ ಈಗ ಪಕ್ಕದ ಬೆಟ್ಟದವರ ಜೊತೆಯಲ್ಲ, ಕಾರ್ಖಾನೆಯ ಕೊಳವೆಯ ಜೊತೆ. ಹಾಗಾಗಿ ‘ನೈಸರ್ಗಿಕ’ ಎಂಬ ಪದವೇ ಎಣ್ಣೆಯ ಹೊಸ ಬಂಡವಾಳವಾಯಿತು. ಸಂಧಿವಾತ ಹಿಂದೆ ಸರಿಯಿತು. ಮೊಡವೆ, ತಲೆಹೊಟ್ಟು, ಕಾಂತಿ ಮುಂದೆ ಬಂದವು.

ಇದರಲ್ಲಿ ಎಲ್ಲವೂ ಸುಳ್ಳಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಸಿಟ್ರಾಲ್ ಹಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುತ್ತದೆ. ಆದರೆ ತಟ್ಟೆ ಬೇರೆ, ಮುಖ ಬೇರೆ. ಕೆಲವರಿಗೆ ಸಿಟ್ರಾಲ್ ಅಲರ್ಜಿ ತರುತ್ತದೆ. ಅದಕ್ಕೇ ಐರೋಪ್ಯ ಒಕ್ಕೂಟ 2003ರಲ್ಲಿ ಗುರುತಿಸಿದ 26 ಸುಗಂಧ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಹಚ್ಚಿ ಬಿಡುವ ಕ್ರೀಮಿನಲ್ಲಿ ಶೇ. 0.001ಕ್ಕಿಂತ ಹೆಚ್ಚಿದ್ದರೆ ಲೇಬಲ್ ಮೇಲೆ ಹೆಸರು ಹಾಕಲೇಬೇಕು. ಸುಗಂಧ ತೈಲಗಳ ಸುರಕ್ಷತೆಯ ಬಗ್ಗೆ ಟಿಸರಂಡ್ ಮತ್ತು ಯಂಗ್ ಬರೆದ ಹೆಸರಾದ ಪುಸ್ತಕ ಚರ್ಮಕ್ಕೆ ಹೇಳುವ ಮಿತಿ ಶೇ. 0.7. ಅಂದರೆ 100 ಮಿಲಿ ಕೊಬ್ಬರಿ ಎಣ್ಣೆಗೆ ಒಂದು ಮಿಲಿಯೂ ಬೇಡ. ಅಷ್ಟು ತೆಳು ಮಾಡಿದ್ದನ್ನೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದೆರಡು ದಿನ ನೋಡಬೇಕು. ಎಣ್ಣೆಯನ್ನು ಕುಡಿಯುವ ಪ್ರಯೋಗವಂತೂ ಬೇಡವೇ ಬೇಡ. ಮಜ್ಜಿಗೆಗೆ ಹಾಕುವ ಎರಡು ಎಲೆಯೂ ನೂರಾರು ಎಲೆ ಬಟ್ಟಿ ಇಳಿಸಿದ ಹನಿಯೂ ಒಂದೇ ಅಲ್ಲ.

ಇಷ್ಟನ್ನು ಹೇಳುವ ಒಂದು ಸಾಲಾದರೂ ಆ ಬಾಟಲಿಯ ಮೇಲೆ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿದೆವು. ತೆಳು ಮಾಡಿ ಎಂಬ ಮಾತು ಎಲ್ಲೂ ಇರಲಿಲ್ಲ. ಎಲೆಯ ಚಿತ್ರ ಮಾತ್ರ ದೊಡ್ಡದಾಗಿತ್ತು.

ಹುಡುಗಿಯ ಕೆನ್ನೆ ವಾಸಿಯಾಗಿದೆ. ಬಾಟಲಿಯನ್ನು ಅವಳ ತಾಯಿಗೆ ವಾಪಸ್ ಕೊಟ್ಟು, ಕೇರಳದ ಮನೆಗಳಲ್ಲಿ ಪುಲ್‌ತೈಲವನ್ನು ಇನ್ನೊಂದು ಕೆಲಸಕ್ಕೂ ಬಳಸುತ್ತಾರೆ ಎಂದು ಹೇಳಿದೆವು. ಈಗ ಅವರು ನೆಲ ಒರೆಸುವ ಬಕೆಟ್ಟಿಗೆ ನಾಲ್ಕು ಹನಿ ಹಾಕುತ್ತಾರೆ. ಮನೆಯೇನೋ ಘಮ್ಮೆನ್ನುತ್ತಿದೆ.