ಸರ್ಕಾರಿ ನೆರವಿನ ದಾರಿಗಳು: ಕೋವಿಡ್ ಕಾಲದ ನ್ಯೂಜಿಲೆಂಡ್ ಮಾಧ್ಯಮ

ಬಾವರ್ ಮೀಡಿಯಾ ಕಂಪನಿ 2020ರ ಏಪ್ರಿಲ್ 2ರಂದು ನ್ಯೂಜಿಲೆಂಡ್‌ನ ತನ್ನ ಪತ್ರಿಕಾ ವ್ಯವಹಾರಕ್ಕೆ ಬೀಗ ಹಾಕಿತು. 1932ರಿಂದ ಬರುತ್ತಿದ್ದ ‘ವುಮನ್ಸ್ ವೀಕ್ಲಿ’, 1939ರಲ್ಲಿ ಶುರುವಾದ ‘ಲಿಸನರ್’ ಎರಡೂ ಆಗ ನಿಂತವು. ಲಾಕ್‌ಡೌನ್‌ನ ನಾಲ್ಕನೇ ಹಂತದಲ್ಲಿ ದಿನಪತ್ರಿಕೆಗಳು ಅಗತ್ಯ ಸೇವೆಯ ಪಟ್ಟಿಯಲ್ಲಿದ್ದವು; ಬಾವರ್‌ನ ನಿಯತಕಾಲಿಕಗಳಂಥವು ಇರಲಿಲ್ಲ. ಆದರೂ ಈ ಮುಚ್ಚುಗಡೆಯನ್ನು ಬರೀ ಸರ್ಕಾರದ ಅಲಕ್ಷ್ಯವೆನ್ನಲಾಗದು. ವೇತನ ಸಹಾಯಧನ ಪಡೆಯಲು ಕಂಪನಿಯೇ ಒಪ್ಪಲಿಲ್ಲವೆಂದು ಪ್ರಧಾನಿ ಜಸಿಂಡಾ ಆರ್ಡರ್ನ್ ತಿಳಿಸಿದ್ದರು.

ಮಾಧ್ಯಮಕ್ಕೆ ಸರ್ಕಾರದ ಹಣ ಸಲ್ಲಬೇಕೆ ಎಂಬ ಪ್ರಶ್ನೆಯ ಮೇಲೆ ಚರ್ಚೆ ಸಾಕಷ್ಟಾಗಿದೆ. ಆ ಹಣ ಯಾವ ದಾರಿಯಿಂದ ಬಂತು ಎಂಬುದರತ್ತ ಗಮನ ಹರಿದದ್ದು ಕಡಿಮೆ. ವಿವಾದದ ಸ್ವರೂಪವನ್ನು ನಿರ್ಧರಿಸಿದ್ದು ಮೊತ್ತಕ್ಕಿಂತ ಈ ದಾರಿಯೇ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲ ದಾರಿ ವೇತನ ಸಹಾಯಧನ. ಆದಾಯ ಶೇ 30ರಷ್ಟು ಕುಸಿದಿದ್ದರೆ ಪೂರ್ಣಾವಧಿ ನೌಕರರೊಬ್ಬರಿಗೆ ವಾರಕ್ಕೆ 585.80 ಡಾಲರ್‌ನಂತೆ 12 ವಾರಗಳ ಹಣ ಒಂದೇ ಕಂತಿನಲ್ಲಿ ಮಾಲೀಕರ ಕೈಸೇರುತ್ತಿತ್ತು. ಹೋಟೆಲಿಗೂ ಸುದ್ದಿಮನೆಗೂ ಒಂದೇ ನಿಯಮ. ಪಡೆದವರ ಹೆಸರನ್ನು ಯಾರು ಬೇಕಾದರೂ ಹುಡುಕಿ ನೋಡಬಹುದಿತ್ತು. ಈ ನೆರವು ಉದ್ಯೋಗಗಳನ್ನೆಲ್ಲ ಉಳಿಸಲಿಲ್ಲ. ಎನ್‌ಝಡ್‌ಎಂಇ ಎಂಬ ಮಾಧ್ಯಮ ಸಂಸ್ಥೆ 2020ರ ಏಪ್ರಿಲ್‌ನಲ್ಲೇ ಸುಮಾರು 200 ಹುದ್ದೆಗಳನ್ನು ಕಡಿತಗೊಳಿಸಿತು. ಆದರೆ ಈ ಹಣ ಪಡೆದದ್ದರಿಂದ ಸುದ್ದಿಯ ಬಣ್ಣ ಬದಲಾಯಿತೆಂಬ ಆರೋಪ ಗಟ್ಟಿಯಾಗಲಿಲ್ಲ.

ಎರಡನೆಯದು, ಪ್ರಸಾರ ಸಚಿವ ಕ್ರಿಸ್ ಫಾಫೋಯಿ ಏಪ್ರಿಲ್ 23ರಂದು ಪ್ರಕಟಿಸಿದ 5 ಕೋಟಿ ಡಾಲರ್‌ಗಳ ಪ್ಯಾಕೇಜ್. ಇದರ ಒಳಲೆಕ್ಕ ಕುತೂಹಲಕರ. 2.11 ಕೋಟಿ ಡಾಲರ್ ಆರು ತಿಂಗಳ ಪ್ರಸಾರ ಶುಲ್ಕ ವಿನಾಯಿತಿಗೆ ಮೀಸಲು. ಪ್ರಸಾರ ಜಾಲವನ್ನು ನಡೆಸುವ ಕಾರ್ಡಿಯಾ ಸರ್ಕಾರಿ ಒಡೆತನದ ಕಂಪನಿ. ಅಂದರೆ ಕಾರ್ಡಿಯಾಗೆ ಸಂದ ಮಟ್ಟಿಗೆ ಈ ಹಣ ಸರ್ಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದಂತೆ. ಕಾರ್ಯಕ್ರಮಗಳಿಗೆ ಸಾರ್ವಜನಿಕ ಹಣ ಹಂಚುವ ‘ಎನ್‌ಝಡ್ ಆನ್ ಏರ್’ ಸಂಸ್ಥೆಗೆ ಕಟ್ಟಬೇಕಿದ್ದ ವಂತಿಗೆಯ ಇಳಿಕೆಗೆ 1.65 ಕೋಟಿ, ಆಯ್ದ ಕಂಪನಿಗಳ ನೆರವಿಗೆ 1.11 ಕೋಟಿ, ಸರ್ಕಾರಿ ಇಲಾಖೆಗಳ ಸುದ್ದಿ ಚಂದಾಕ್ಕೆ 13 ಲಕ್ಷ. ಟಿವಿ, ರೇಡಿಯೊಗಳಿಗೆ ಸಿಂಹಪಾಲು. ಮುದ್ರಣ ಮಾಧ್ಯಮಕ್ಕೆ ಸಿಕ್ಕಿದ್ದು ಚೂರುಪಾರು.

ಮೂರನೆಯದೇ ಜಗಳದ ಮೂಲ: 2021ರ ಫೆಬ್ರುವರಿಯಲ್ಲಿ ಘೋಷಣೆಯಾದ, ಮೂರು ವರ್ಷಗಳ 5.5 ಕೋಟಿ ಡಾಲರ್‌ಗಳ ಸಾರ್ವಜನಿಕ ಹಿತಾಸಕ್ತಿ ಪತ್ರಿಕೋದ್ಯಮ ನಿಧಿ. ಹಂಚಿಕೆ ಸಚಿವರ ಕೈಯಲ್ಲಿರಲಿಲ್ಲ, ಸ್ವಾಯತ್ತ ಸಂಸ್ಥೆಯಾದ ಎನ್‌ಝಡ್ ಆನ್ ಏರ್ ಅದನ್ನು ನಿರ್ವಹಿಸಿತು. ನ್ಯಾಯಾಲಯ ಮತ್ತು ಸ್ಥಳೀಯ ಸಂಸ್ಥೆಗಳ ವರದಿಗಾರಿಕೆ, ಹೊಸಬರ ತರಬೇತಿ ಎಲ್ಲವೂ ಅದರಲ್ಲಿದ್ದವು. ಆದರೆ ಅರ್ಜಿದಾರರು ವೈತಾಂಗಿ ಒಪ್ಪಂದದ ತತ್ವಗಳಿಗೆ ಬದ್ಧತೆ ತೋರಬೇಕೆಂಬ ಷರತ್ತಿತ್ತು. 1840ರಲ್ಲಿ ಬ್ರಿಟಿಷ್ ರಾಜಪ್ರಭುತ್ವ ಮತ್ತು ಮಾವೊರಿ ಮುಖಂಡರ ನಡುವೆ ಆದ ಈ ಒಪ್ಪಂದದ ಅರ್ಥವೇ ಅಲ್ಲಿ ಜೀವಂತ ರಾಜಕೀಯ ವಿವಾದ. ವಿವಾದಿತ ವಿಷಯವೊಂದರ ಬಗೆಗಿನ ನಿಲುವನ್ನು ಹಣದ ಷರತ್ತಿಗೆ ಪೋಣಿಸಿದ್ದು ಉದ್ದೇಶ ಒಳ್ಳೆಯದಿದ್ದರೂ ಎಡವಟ್ಟಿನ ವಿನ್ಯಾಸವೆಂದೇ ನನ್ನ ಅಭಿಪ್ರಾಯ. 2023ರ ನವೆಂಬರ್‌ನಲ್ಲಿ ಉಪಪ್ರಧಾನಿಯಾದ ವಿನ್‌ಸ್ಟನ್ ಪೀಟರ್ಸ್ ಇಡೀ ನಿಧಿಯನ್ನು ಲಂಚವೆಂದು ಕರೆದರು. ಲಂಚಕ್ಕೆ ಕೊಡು-ಕೊಳ್ಳುವಿಕೆಯ ಪುರಾವೆ ಬೇಕು. ಅವರದು ರಾಜಕೀಯ ಏಟಷ್ಟೇ. ಆದರೆ ಏಟಿಗೆ ಗುರಿ ಒದಗಿಸಿದ್ದು ಆ ಷರತ್ತು.

ಭಾರತದಲ್ಲಿ ಇಂಥ ಪ್ರತ್ಯೇಕ ನಿಧಿ ಹುಟ್ಟಲಿಲ್ಲ. ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ 2020ರಲ್ಲಿ ಕೇಳಿದ್ದು ಸುದ್ದಿಕಾಗದದ ಮೇಲಿನ ಶೇ 5ರ ಆಮದು ಸುಂಕದ ರದ್ದತಿ, ಎರಡು ವರ್ಷಗಳ ತೆರಿಗೆ ವಿನಾಯಿತಿ, ಸರ್ಕಾರಿ ಜಾಹೀರಾತು ದರದಲ್ಲಿ ಶೇ 50ರ ಹೆಚ್ಚಳ. ಕೊನೆಯ ಬೇಡಿಕೆ ಮುಖ್ಯವಾದದ್ದು. ಯಾರಿಗೆ ಎಷ್ಟು ಜಾಹೀರಾತು ಎಂಬ ತೀರ್ಮಾನ ಆಳುವವರ ಬಳಿಯೇ ಉಳಿಯುವ ಈ ದಾರಿ, ನ್ಯೂಜಿಲೆಂಡ್‌ನ ನಿಧಿಗಿಂತ ಹೆಚ್ಚು ಅಪಾಯಕಾರಿ.

ಮತ್ತೆ ನ್ಯೂಜಿಲೆಂಡ್‌ಗೆ ಬಂದರೆ, ಆಕ್ಲೆಂಡ್‌ನ ಎಯುಟಿ ವಿಶ್ವವಿದ್ಯಾಲಯದ ಸಮೀಕ್ಷೆಗಳಲ್ಲಿ ಸುದ್ದಿಯ ಮೇಲಿನ ಒಟ್ಟಾರೆ ನಂಬಿಕೆ 2020ರಲ್ಲಿ ಶೇ 53 ಇದ್ದದ್ದು 2023ಕ್ಕೆ ಶೇ 42, 2024ಕ್ಕೆ ಶೇ 33ಕ್ಕೆ ಇಳಿಯಿತು. ನಿಧಿಯ ವಿರೋಧಿಗಳು ಈ ಅಂಕಿಗಳನ್ನು ಸಾಕ್ಷ್ಯವಾಗಿ ಹಿಡಿಯುತ್ತಾರೆ. ಆದರೆ ಅತಿ ದೊಡ್ಡ ಕುಸಿತ, ಒಂಬತ್ತು ಅಂಶಗಳದ್ದು, ಕಂಡದ್ದು ನಿಧಿಯ ಹೊಸ ಹಂಚಿಕೆ ನಿಂತ ಮೇಲೆ. ಹಣವೇ ನಂಬಿಕೆಯನ್ನು ಕೆಡಿಸಿತೋ, ಹಣದ ಸುತ್ತ ಎದ್ದ ಮಾತು ಕೆಡಿಸಿತೋ ಎಂಬುದನ್ನು ಬೇರ್ಪಡಿಸಲು ಈ ಅಂಕಿಗಳಷ್ಟೇ ಸಾಲವು.